ಬೆನ್ನಿಗೆ ಬ್ಯಾಗ್, ಮೂರು ದಿನ ಬೆಟ್ಟ: ಎರಡನೇ ಬೆಳಿಗ್ಗೆಗೆ ತಯಾರಾಗಿ

ಪ್ರಶ್ನೆ: ನಾವು ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ ಕಡೆಯ ನಾಲ್ಕು ಜನ. ಮೂವರು ಗೆಳೆಯರು, ಜೊತೆಗೆ ನನ್ನ ತಂಗಿ. ರಾಣಿಪುರಂ ಹತ್ತಿ ಇಳಿದಿದ್ದೇವೆ, ಯಾರಿಗೂ ಕಷ್ಟ ಆಗಲಿಲ್ಲ. ಈಗ ಬೆನ್ನಿಗೆ ಬ್ಯಾಗ್ ಹಾಕಿಕೊಂಡು ಮೂರು ದಿನ ಬೆಟ್ಟದಲ್ಲೇ ನಡೆಯಬೇಕು ಎಂಬ ಆಸೆ. ಟೆಂಟ್, ಶೂ, ಒಲೆ, ಸ್ಲೀಪಿಂಗ್ ಬ್ಯಾಗ್ ಎಲ್ಲ ಸೇರಿಸಿ ಪಟ್ಟಿ ಮಾಡಿದರೆ ಖರ್ಚು ಕೇಳಿಯೇ ತಲೆ ತಿರುಗುತ್ತದೆ. ಎಲ್ಲಿಗೆ ಹೋಗಬೇಕು, ಏನು ಕೊಳ್ಳಬೇಕು, ತಯಾರಿ ಹೇಗೆ? ಒಬ್ಬ ಗೆಳೆಯ ನೇರ ಹಿಮಾಲಯಕ್ಕೇ ಹೋಗೋಣ ಎನ್ನುತ್ತಿದ್ದಾನೆ.

ಉತ್ತರ: ಮೊದಲು ಪಟ್ಟಿಯಿಂದ ಟೆಂಟ್ ತೆಗೆಯಿರಿ, ಒಲೆಯನ್ನೂ ತೆಗೆಯಿರಿ. ಅರ್ಧ ಖರ್ಚು ಅಲ್ಲೇ ಉಳಿಯಿತು.

ಕಾರಣ ಸರಳ. ನಮ್ಮ ಸುತ್ತಮುತ್ತ ಟೆಂಟ್ ಹಾಕಿ ಮಲಗುವ ಹಾಗಿರುವ ಬೆಟ್ಟವೇ ಇಲ್ಲ ಎನ್ನಬೇಕು. ಪಶ್ಚಿಮ ಘಟ್ಟದ ಒಳ್ಳೊಳ್ಳೆಯ ದಾರಿಗಳೆಲ್ಲ ಅಭಯಾರಣ್ಯದಲ್ಲೋ ರಾಷ್ಟ್ರೀಯ ಉದ್ಯಾನದಲ್ಲೋ ಇವೆ. ಅಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನಡೆಯುತ್ತದೆ. ಪರವಾನಗಿ ಇಲ್ಲದೆ ಒಳಗೆ ಕಾಲಿಡುವುದೂ ತಪ್ಪು, ಬೆಂಕಿ ಹಾಕುವುದೂ ತಪ್ಪು. ಕುಮಾರ ಪರ್ವತದ ಹಳೆಯ ವಿಡಿಯೊಗಳಲ್ಲಿ ಗಿರಿಗದ್ದೆಯ ಹತ್ತಿರ ಸಾಲು ಸಾಲು ಟೆಂಟ್ ನೋಡಿರುತ್ತೀರಿ. ಈಗ ಅದಕ್ಕೆ ಅವಕಾಶ ಇಲ್ಲ. ಅಂಥ ವಿಡಿಯೊ ನೋಡಿ ಯೋಜನೆ ಹಾಕಬೇಡಿ.

ರಾಣಿಪುರಂ ಕಷ್ಟ ಆಗಲಿಲ್ಲ ಎಂದಿರಿ. ಸಂತೋಷ. ಆದರೆ ಅದು ಬೆಳಿಗ್ಗೆ ಹತ್ತಿ ಮಧ್ಯಾಹ್ನ ಇಳಿಯುವ ಗುಡ್ಡೆ. ಬೆನ್ನಿಗೆ ಹೆಚ್ಚೆಂದರೆ ಒಂದು ನೀರಿನ ಬಾಟಲಿ, ರಾತ್ರಿ ಮನೆಯ ಹಾಸಿಗೆ. ಒಂದು ದಿನದ ಬೆಟ್ಟವನ್ನು ಹುಮ್ಮಸ್ಸಿನಲ್ಲೇ ಹತ್ತಿಬಿಡಬಹುದು. ಮೂರು ದಿನದ ನಡಿಗೆ ಬೇರೆಯೇ ಸಂಗತಿ. ಅದರ ನಿಜವಾದ ಪರೀಕ್ಷೆ ಎರಡನೇ ದಿನ ಬೆಳಿಗ್ಗೆ. ತೊಡೆ ಬಿಗಿದಿರುತ್ತದೆ, ಸಾಕ್ಸ್ ಒದ್ದೆ, ನಿದ್ರೆ ಅರ್ಧಂಬರ್ಧ, ಅದೇ ಬ್ಯಾಗನ್ನು ಮತ್ತೆ ಹೆಗಲಿಗೆ ಏರಿಸಬೇಕು. ಏನು ಕೊಳ್ಳಬೇಕು, ಏನು ಹೊರಬೇಕು ಎಂಬ ಪ್ರಶ್ನೆ ಬಂದಾಗೆಲ್ಲ ಆ ಬೆಳಿಗ್ಗೆಯನ್ನು ನೆನೆಸಿಕೊಳ್ಳಿ. ಉತ್ತರ ತಾನಾಗಿ ಸಿಗುತ್ತದೆ.

ತೊಡೆ ಬಿಗಿಯುವುದು ಏಕೆ ಗೊತ್ತಾ? ಹತ್ತಿದ್ದಕ್ಕಲ್ಲ, ಇಳಿದದ್ದಕ್ಕೆ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ದೇಹದ ಭಾರವನ್ನು ತಡೆದು ಹಿಡಿಯುತ್ತಲೇ ಉದ್ದವಾಗುತ್ತದೆ. ಹಾಗೆ ಎಳೆಸಿಕೊಂಡ ಸ್ನಾಯುವಿನ ಎಳೆಗಳಲ್ಲಿ ಸಣ್ಣ ಸಣ್ಣ ಗಾಯಗಳಾಗುತ್ತವೆ. ಅದರ ನೋವು ಆ ಕ್ಷಣ ತಿಳಿಯುವುದಿಲ್ಲ. ಅರ್ಧ ದಿನದಿಂದ ಒಂದು ದಿನದೊಳಗೆ ಶುರುವಾಗಿ ಎರಡು ಮೂರು ದಿನ ಕಾಡುತ್ತದೆ. ಒಳ್ಳೆಯ ಸುದ್ದಿಯೂ ಇದೆ. ಒಮ್ಮೆ ಹೀಗೆ ನೊಂದ ಸ್ನಾಯು ಮುಂದಿನ ಕೆಲವು ವಾರ ಅದೇ ಕೆಲಸಕ್ಕೆ ಅಷ್ಟಾಗಿ ನೋಯುವುದಿಲ್ಲ. ಆದ್ದರಿಂದ ಅಭ್ಯಾಸ ಎಂದರೆ ಬರೀ ಹತ್ತುವುದಲ್ಲ, ಇಳಿಯುವುದೂ ಹೌದು.

ಇದಕ್ಕೆ ಜಿಮ್ ಬೇಕಾಗಿಲ್ಲ. ನಮ್ಮ ಕಡೆ ಮನೆ ಮೇಲೆ, ತೋಟ ಕೆಳಗೆ. ತೋಟಕ್ಕೆ ಇಳಿಯುವ ಮುರಕಲ್ಲಿನ ಮೆಟ್ಟಿಲು ನಿಮ್ಮ ಮನೆಯಲ್ಲೇ ಇರುತ್ತದೆ, ಅಲ್ವಾ? ವಾರದಲ್ಲಿ ಮೂರು ಸಂಜೆ ಬೆನ್ನಿಗೆ ಭಾರ ಹಾಕಿ ಅರ್ಧ ಗಂಟೆ ಅದನ್ನೇ ಹತ್ತಿ ಇಳಿಯಿರಿ. ಶನಿವಾರ, ಭಾನುವಾರ ಪೊಸಡಿ ಗುಂಪೆ ಗುಡ್ಡೆಗೆ ಹೋಗಿ. ಎರಡೂ ದಿನ ಹೋಗಬೇಕು, ಅದು ಮುಖ್ಯ. ಶನಿವಾರ ಹೋಗಿ ಭಾನುವಾರ ಮಲಗಿದರೆ ನೀವು ಕಲಿತದ್ದು ಮತ್ತೆ ಒಂದು ದಿನದ ಬೆಟ್ಟವನ್ನೇ. ಭಾರಕ್ಕೆ ನೀರಿನ ಬಾಟಲಿಗಳನ್ನೇ ತುಂಬಿಕೊಳ್ಳಿ. ಮೊದಲ ವಾರಗಳಲ್ಲಿ ಮೇಲೆ ತಲುಪಿದ ಮೇಲೆ ನೀರು ಚೆಲ್ಲಿ ಹಗುರಾಗಿ ಇಳಿಯಬಹುದು, ಮಂಡಿ ಉಳಿಯುತ್ತದೆ. ಎರಡು ತಿಂಗಳಲ್ಲಿ ಐದು ಕಿಲೋದಿಂದ ಶುರುಮಾಡಿ ಒಂಬತ್ತು ಕಿಲೋಗೆ ಬನ್ನಿ. ಕೊನೆಯ ವಾರಗಳಲ್ಲಿ ಪೂರ್ತಿ ಭಾರದೊಂದಿಗೇ ಇಳಿಯಿರಿ.

ಒಂಬತ್ತು ಏಕೆ? ದೇಹದ ತೂಕದ ಐದನೇ ಒಂದು ಭಾಗಕ್ಕಿಂತ ಜಾಸ್ತಿ ಹೊರಬಾರದು ಎಂಬುದು ನಡೆಯುವವರ ವಾಡಿಕೆ. ಅರವತ್ತು ಕಿಲೋದವರಿಗೆ ಅದು ಹನ್ನೆರಡು. ಹೊಸಬರು ಅಷ್ಟಕ್ಕೂ ಹೋಗಬೇಡಿ. ಹೀಗೆ ಲೆಕ್ಕ ಹಾಕಿ: ಖಾಲಿ ಬ್ಯಾಗ್ ಒಂದೂವರೆ ಕಿಲೋ, ಹಾಸುವ ಮ್ಯಾಟ್ ಮತ್ತು ಸ್ಲೀಪಿಂಗ್ ಬ್ಯಾಗ್ ಸೇರಿ ಒಂದೂವರೆ, ಬಟ್ಟೆ ಮತ್ತು ಮಳೆಕೋಟು ಎರಡು, ದಿನಕ್ಕೆ 600 ಗ್ರಾಂನಂತೆ ಮೂರು ದಿನದ ಒಣ ತಿಂಡಿ ಒಂದು ಮುಕ್ಕಾಲು ಚಿಲ್ಲರೆ, ಎರಡು ಲೀಟರ್ ನೀರಿಗೆ ಎರಡು ಕಿಲೋ, ಟಾರ್ಚ್, ಔಷಧಿ, ಚಿಲ್ಲರೆ ಸಾಮಾನಿಗೆ ಅರ್ಧ. ಒಂಬತ್ತು ಕಿಲೋ ಮೀರಿ ಸ್ವಲ್ಪ ಆಯಿತು. ಮನೆಯ ತಕ್ಕಡಿಯಲ್ಲಿ ಒಂದೊಂದನ್ನೂ ತೂಗಿ. ಕಣ್ಣಂದಾಜು ನಂಬಬೇಡಿ. ಬೇಕಾದೀತು ಎಂದು ತುರುಕುವ ವಸ್ತುಗಳೇ ಸೇರಿ ಎರಡು ಕಿಲೋ ಆಗುತ್ತವೆ.

ಈಗ ಎಲ್ಲಿಗೆ. ಕೇರಳದಲ್ಲೇ ಇರುವ ನಮಗೆ ಕಾನೂನಿನ ಪ್ರಕಾರ, ಕಾಡಿನೊಳಗೆ ಎರಡು ರಾತ್ರಿ ಮಲಗಿ ಮೂರು ದಿನ ನಡೆಯಲು ಒಳ್ಳೆಯ ದಾರಿ ಎಂದರೆ ತಿರುವನಂತಪುರ ಜಿಲ್ಲೆಯ ಅಗಸ್ತ್ಯಕೂಡಂ. ಎತ್ತರ 1,868 ಮೀಟರ್. ಅರಣ್ಯ ಇಲಾಖೆಯೇ ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ಜನವರಿ, ಫೆಬ್ರವರಿಯಲ್ಲಿ, ಆನ್‌ಲೈನ್ ಬುಕಿಂಗ್ ಮೂಲಕ ಜನರನ್ನು ಬಿಡುತ್ತದೆ. ಬೋಣಕ್ಕಾಡಿನಿಂದ ಹೊರಟು ಮೊದಲ ದಿನ ಅತಿರುಮಲೆಯ ಶಿಬಿರಕ್ಕೆ. ಎರಡನೇ ದಿನ ಶಿಖರ ಹತ್ತಿ ಮತ್ತೆ ಅಲ್ಲಿಗೇ. ಮೂರನೇ ದಿನ ವಾಪಸ್. ಮಲಗಲು ಅಲ್ಲಿ ಷೆಡ್ ಇದೆ, ಊಟಕ್ಕೆ ಕ್ಯಾಂಟೀನ್ ಇದೆ, ಜೊತೆಗೆ ಗೈಡ್ ಇರುತ್ತಾರೆ. ಹಾಗಾಗಿಯೇ ಟೆಂಟ್, ಒಲೆ ಬೇಡ ಎಂದದ್ದು. ಕ್ಯಾಂಟೀನ್ ಊಟ ಇರುವುದರಿಂದ ತಿಂಡಿಯ ಭಾರವೂ ಅರ್ಧ ಇಳಿಯುತ್ತದೆ. ತಂಗಿಗೆ ಹೇಳಿ, ಹಿಂದೆ ಇಲ್ಲಿ ಹೆಂಗಸರನ್ನು ಬಿಡುತ್ತಿರಲಿಲ್ಲ. ಹೈಕೋರ್ಟಿನ ಆದೇಶದ ನಂತರ 2019ರ ಜನವರಿಯಿಂದ ಬಿಡುತ್ತಿದ್ದಾರೆ.

ಸುಲಭ ಎಂದುಕೊಳ್ಳಬೇಡಿ. ಮೊದಲ ದಿನದ ದಾರಿ ಉದ್ದ, ಎರಡನೇ ದಿನದ ಕೊನೆಯಲ್ಲಿ ಹಗ್ಗ ಹಿಡಿದು ಬಂಡೆ ಹತ್ತಬೇಕು. ಎರಡನೇ ಬೆಳಿಗ್ಗೆಯ ಮಾತು ಅಲ್ಲೇ ನಿಜವಾಗುವುದು. ಬುಕಿಂಗ್ ತೆರೆದರೆ ಬೇಗ ಮುಗಿಯುತ್ತದೆ, ಜನವರಿಯ ಮೊದಲ ವಾರದಿಂದಲೇ ಇಲಾಖೆಯ ವೆಬ್‌ಸೈಟ್ ನೋಡುತ್ತಿರಿ. ನಿಯಮಗಳನ್ನು ಆ ವರ್ಷದ ಪ್ರಕಟಣೆಯಲ್ಲೇ ಓದಿ. ಹೋಗುವುದು ಕಷ್ಟವಲ್ಲ. ಮಂಗಳೂರಿನಿಂದ ಬರುವ ಮಲಬಾರ್ ಅಥವಾ ಮಾವೇಲಿ ಎಕ್ಸ್‌ಪ್ರೆಸ್ಸನ್ನು ಕಾಸರಗೋಡಿನಲ್ಲಿ ಸಂಜೆ ಹತ್ತಿದರೆ ಬೆಳಿಗ್ಗೆ ತಿರುವನಂತಪುರ. ರೈಲಿನಲ್ಲಿ ನಿದ್ರೆ ಕೆಟ್ಟು ಅದೇ ದಿನ ನಡೆಯಲು ಶುರುಮಾಡಬೇಡಿ. ಒಂದು ದಿನ ಮೊದಲೇ ಹೋಗಿ.

ಅದಕ್ಕೂ ಮೊದಲು, ಡಿಸೆಂಬರಿನಲ್ಲಿ, ಎರಡು ದಿನದ ಒಂದು ತಾಲೀಮು ಬೇಕು. ಕಾರ್ಕಳ, ಬಜಗೋಳಿ ದಾಟಿ ಘಟ್ಟ ಹತ್ತಿ ಸಂಸೆಗೆ ಹೋಗಿ. ಹೋಂಸ್ಟೇಗಳಿವೆ. ಒಂದು ದಿನ 1,894 ಮೀಟರಿನ ಕುದುರೆಮುಖ, ಮರುದಿನ ನೇತ್ರಾವತಿ ಶಿಖರ. ಎರಡಕ್ಕೂ ಕರ್ನಾಟಕ ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ವೆಬ್‌ಸೈಟಿನಲ್ಲಿ ಮೊದಲೇ ಪರವಾನಗಿ ತೆಗೆಯಬೇಕು. ಬ್ಯಾಗನ್ನು ಹೋಂಸ್ಟೇಯಲ್ಲಿ ಬಿಟ್ಟು ಹೋಗಬಹುದು, ಆದರೆ ಬಿಡಬೇಡಿ. ಅದನ್ನು ಹೊತ್ತೇ ನಡೆಯಿರಿ. ಮರುದಿನ ಬೆಳಿಗ್ಗೆ ನಾಲ್ವರಲ್ಲಿ ಯಾರ ಮುಖ ಹೇಗಿದೆ ನೋಡಿ. ಯಾರು ಗೊಣಗುತ್ತಾರೆ, ಯಾರು ಸುಮ್ನೆ ಶೂ ಕಟ್ಟಿಕೊಳ್ಳುತ್ತಾರೆ ಎಂದು ತಿಳಿಯಲು ಇದಕ್ಕಿಂತ ಅಗ್ಗದ ದಾರಿ ಇಲ್ಲ.

ದುಡ್ಡು ಹಾಕುವುದಾದರೆ ಪಾದಕ್ಕೆ ಹಾಕಿ. ಶೂ ಅರ್ಧ ಸೈಜ್ ದೊಡ್ಡದಿರಲಿ. ನಡೆಯುತ್ತಾ ಪಾದ ಊದುತ್ತದೆ, ಇಳಿಯುವಾಗ ಬೆರಳು ಮುಂದಕ್ಕೆ ಹೋಗಿ ಬಡಿಯುತ್ತದೆ. ಕೊಳ್ಳಲು ಸಂಜೆ ಹೊತ್ತಿಗೆ ಹೋಗಿ, ನಡೆಯುವಾಗ ಹಾಕುವ ಸಾಕ್ಸನ್ನೇ ಹಾಕಿ ನೋಡಿ. ಹೊಸ ಶೂ ಹಾಕಿ ಯಾವತ್ತೂ ಬೆಟ್ಟಕ್ಕೆ ಹೋಗಬೇಡಿ, ಕನಿಷ್ಠ ಒಂದು ತಿಂಗಳು ಪದವಿನಲ್ಲಿ, ಗುಡ್ಡೆಯಲ್ಲಿ ಓಡಾಡಿ ಪಳಗಿಸಿ. ನಾಲ್ಕು ದಿನ ಮೊದಲೇ ಉಗುರು ಕತ್ತರಿಸಿ. ದಾರಿಯಲ್ಲಿ ಪಾದದ ಯಾವುದಾದರೂ ಜಾಗ ಬಿಸಿಯಾಗಿ ಉರಿಯುತ್ತಿದೆ ಅನಿಸಿದರೆ ತಕ್ಷಣ ನಿಲ್ಲಿ. ಮೇಲೆ ತಲುಪಿ ನೋಡೋಣ ಎನ್ನಬೇಡಿ. ಶೂ ಬಿಚ್ಚಿ, ಒರೆಸಿ, ಬಟ್ಟೆಯ ಮೆಡಿಕಲ್ ಟೇಪ್ ಅಂಟಿಸಿ. ಆಗ ನಿಂತರೆ ಎರಡು ನಿಮಿಷದ ಕೆಲಸ. ನಿಲ್ಲದಿದ್ದರೆ ಸಂಜೆಗೆ ಬೊಕ್ಕೆ, ಮರುದಿನ ಕುಂಟು ನಡಿಗೆ.

ಬ್ಯಾಗ್, ಸ್ಲೀಪಿಂಗ್ ಬ್ಯಾಗ್ ಬಾಡಿಗೆಗೆ ತನ್ನಿ. ಬೆಂಗಳೂರಿನಲ್ಲಿ ಸಿಗುತ್ತವೆ. ಈ ಸಲದ ನಡಿಗೆಗೆ 40ರಿಂದ 50 ಲೀಟರಿನ ಬ್ಯಾಗ್ ಸಾಕು. ಸೊಂಟದ ಬೆಲ್ಟ್ ಗಟ್ಟಿ ಇರಬೇಕು, ಸೊಂಟದ ಎಲುಬಿನ ಮೇಲೆ ಕೂರಬೇಕು. ಮೊದಲು ಬೆಲ್ಟ್ ಬಿಗಿದು ಆಮೇಲೆ ಹೆಗಲ ಪಟ್ಟಿ ಎಳೆಯಿರಿ. ಭಾರ ಬಹುಪಾಲು ಸೊಂಟಕ್ಕೆ ಹೋಗಬೇಕು, ಹೆಗಲಿಗಲ್ಲ. ಭಾರದ ವಸ್ತು ಬೆನ್ನಿಗೆ ಹತ್ತಿರ, ನಡುಭಾಗದಲ್ಲಿ ಇರಲಿ. ಬ್ಯಾಗಿನ ಹೊರಗೆ ಮಗ್ಗು, ಚಪ್ಪಲಿ ನೇತುಹಾಕಿ ಟಣಟಣ ಎನ್ನುತ್ತಾ ಹೋಗುವವರನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ. ಕಾಡಿನಲ್ಲಿ ಕಿವಿಯೂ ಕೆಲಸ ಮಾಡಬೇಕು, ರಾಣಿಪುರಂನಂತೆ ಅಲ್ಲೂ ಆನೆಗಳಿವೆ. ಮಳೆಗೆ ಬ್ಯಾಗಿನ ಕವರ್ ಒಂದನ್ನೇ ನಂಬಬೇಡಿ. ಒಳಗೆ ದಪ್ಪ ಪ್ಲಾಸ್ಟಿಕ್ ಚೀಲ ಹಾಕಿ ಅದರೊಳಗೆ ಬಟ್ಟೆ ಇಡಿ.

ಬಟ್ಟೆಯಲ್ಲಿ ಹತ್ತಿ ಬೇಡ. ಜೀನ್ಸ್ ಅಂತೂ ಬೇಡವೇ ಬೇಡ. ಬೆವರಿಗೆ ನೆನೆದ ಹತ್ತಿ ಒಣಗುವುದಿಲ್ಲ, ಗಾಳಿ ಬೀಸಿದರೆ ಮೈ ತಣ್ಣಗಾಗಿಸುತ್ತದೆ, ತೊಡೆಸಂದು ಉಜ್ಜಿ ಗಾಯ ಮಾಡುತ್ತದೆ. ಆಟದವರು ಹಾಕುವ ತೆಳು ಪಾಲಿಯೆಸ್ಟರ್ ಬಟ್ಟೆ ಸಾಕು. ಬೈರಾಸಿಗೆ ಮಾತ್ರ ವಿನಾಯಿತಿ. ಹತ್ತಿಯದಾದರೂ ತೆಳು, ಬೇಗ ಒಣಗುತ್ತದೆ. ಒರೆಸಲು, ತಲೆಗೆ ಸುತ್ತಲು, ಬಿಸಿ ಪಾತ್ರೆ ಹಿಡಿಯಲು, ಪೆಟ್ಟಾದರೆ ಕೈ ಕಟ್ಟಲು ಎಲ್ಲಕ್ಕೂ ಆಗುತ್ತದೆ. ಅಂಗಡಿಯ ದುಬಾರಿ ಟವೆಲ್ ಅದರ ಮುಂದೆ ಏನೂ ಅಲ್ಲ.

ನಡೆಯುವ ಬಟ್ಟೆ ಒಂದು ಜೊತೆ, ಮಲಗುವ ಬಟ್ಟೆ ಒಂದು ಜೊತೆ. ಮಲಗುವ ಜೊತೆಯನ್ನು ಮಡಿಬಟ್ಟೆಯಂತೆ ಕಾಪಾಡಿ. ಏನೇ ಆದರೂ ಅದನ್ನು ಹಗಲು ಹಾಕುವಂತಿಲ್ಲ. ಬೆಳಿಗ್ಗೆ ಒದ್ದೆ ಸಾಕ್ಸಿಗೆ ಕಾಲು ತೂರಿಸುವುದು ಐದು ನಿಮಿಷದ ಹಿಂಸೆ. ಅದನ್ನು ತಪ್ಪಿಸಲು ಒಣ ಜೊತೆ ಹಾಕಿಕೊಂಡಿರೋ, ಆ ರಾತ್ರಿ ಪೂರ್ತಿ ಚಳಿ. ಎತ್ತರ ಸಾವಿರ ಮೀಟರ್ ಏರಿದರೆ ಉಷ್ಣತೆ ಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆ. ಕರಾವಳಿಯ ಸೆಕೆಯಲ್ಲಿ ಬೆಳೆದ ನಮಗೆ ಗಾಳಿ ಬೀಸುವ ಬೆಟ್ಟದ ರಾತ್ರಿ ಅಂದಾಜಿಗೆ ಸಿಗುವುದಿಲ್ಲ.

ತಿಂಡಿಯ ವಿಷಯದಲ್ಲಿ ನಮ್ಮ ಅಡುಗೆಮನೆಯೇ ಸಾಕು, ಎನರ್ಜಿ ಬಾರ್ ಹುಡುಕಬೇಡಿ. ಮಾವಿನ ರಸ ಒಣಗಿಸಿ ಮಾಡಿದ ಮಾಂಬಳ ತೆಗೆದುಕೊಳ್ಳಿ. ಹಗುರ, ಕೆಡುವುದಿಲ್ಲ, ಬಾಯಲ್ಲಿಟ್ಟು ನಡೆಯಬಹುದು. ಸಾಂತಾಣಿ ಇದ್ದರೆ ಇನ್ನೂ ಒಳ್ಳೆಯದು. ಉಪ್ಪು ಹಾಕಿ ಬೇಯಿಸಿ ಒಣಗಿಸಿದ ಹಲಸಿನ ಬೀಜ, ಜಗಿಯುತ್ತಾ ಇದ್ದರೆ ಒಂದು ಗಂಟೆ ಹೋದದ್ದೇ ಗೊತ್ತಾಗುವುದಿಲ್ಲ. ಬಾಳೆಕಾಯಿ ಉಪ್ಪೇರಿ, ಹುರಿದ ನೆಲಗಡಲೆ, ಬೆಲ್ಲ, ಅವಲಕ್ಕಿ. ಎಣ್ಣೆ, ಕಾಯಿ ಸೇರಿದ ತಿಂಡಿಯಲ್ಲಿ ಕಡಿಮೆ ತೂಕಕ್ಕೆ ಜಾಸ್ತಿ ಶಕ್ತಿ ಸಿಗುತ್ತದೆ. ಆದರೆ ಹಸಿ ಕಾಯಿತುರಿ ಹಾಕಿದ್ದು ಮೊದಲ ಮಧ್ಯಾಹ್ನದೊಳಗೆ ಮುಗಿಸಿ, ಹಳಸುತ್ತದೆ. ಹಸಿವಾದ ಮೇಲೆ ತಿನ್ನುವುದಲ್ಲ. ಗಂಟೆಗೊಮ್ಮೆ ಒಂದು ಹಿಡಿ ತಿನ್ನಿ. ಮೊದಲ ದಿನ ಸರಿಯಾಗಿ ತಿನ್ನದವರೇ ಎರಡನೇ ದಿನ ದಾರಿಬದಿಯಲ್ಲಿ ಕೂರುವುದು.

ನೀರು ಗಂಟೆಗೆ ಅರ್ಧ ಲೀಟರ್ ಎಂದು ಇಟ್ಟುಕೊಳ್ಳಿ, ಬಿಸಿಲಿದ್ದರೆ ಜಾಸ್ತಿ. ಬರೀ ನೀರನ್ನೇ ಲೀಟರುಗಟ್ಟಲೆ ಕುಡಿದರೆ ರಕ್ತದಲ್ಲಿ ಉಪ್ಪಿನಂಶ ಇಳಿದು ತಲೆಸುತ್ತು, ವಾಂತಿ ಬರಬಹುದು. ನಡುನಡುವೆ ಉಪ್ಪು ಸಕ್ಕರೆ ಹಾಕಿದ ಪುನರ್ಪುಳಿ ಶರಬತ್ತು ಕುಡಿಯಿರಿ, ಓಆರ್‌ಎಸ್ ಪೊಟ್ಟಣವೂ ಇರಲಿ. ತೋಡಿನ ನೀರು ಎಷ್ಟು ತಿಳಿಯಾಗಿದ್ದರೂ ಹಾಗೇ ಕುಡಿಯಬೇಡಿ. ಗುಡ್ಡೆಗೆ ಅಡ್ಡ ಕೊರೆದ ನಮ್ಮ ಮನೆಯ ಸುರಂಗದ ನೀರು ಕುಡಿದು ಬೆಳೆದವರಿಗೆ ಇದು ವಿಚಿತ್ರ ಅನಿಸಬಹುದು. ಆದರೆ ಮೇಲೆ ಯಾವ ಪ್ರಾಣಿ ಏನು ಮಾಡಿದೆಯೋ ಯಾರು ಬಲ್ಲರು. ಕ್ಲೋರಿನ್ ಮಾತ್ರೆ ಹಾಕಿ ಅರ್ಧ ಗಂಟೆ ಬಿಡಿ. ಕಾಡಿನಲ್ಲಿ ಶೌಚಕ್ಕೆ ಹೋಗಬೇಕಾದರೆ ನೀರಿನಿಂದ ಅರವತ್ತು ಮೀಟರ್ ದೂರ ಹೋಗಿ, ಒಂದು ಗೇಣು ಆಳ ಗುಂಡಿ ತೋಡಿ, ಮುಚ್ಚಿ. ಮುಟ್ಟಿನ ದಿನಗಳು ಬಂದರೆ ಪ್ಯಾಡನ್ನು ಹೂಳುವುದಲ್ಲ. ಗಟ್ಟಿ ಜಿಪ್ ಚೀಲದಲ್ಲಿ ವಾಪಸ್ ತರಬೇಕು. ತಂಗಿ ಕಪ್ ಬಳಸುವವಳಾದರೆ ಇನ್ನೂ ಸುಲಭ.

ಸಮಯದ ಲೆಕ್ಕಕ್ಕೆ 1892ರಲ್ಲಿ ನೈಸ್ಮಿತ್ ಎಂಬ ಸ್ಕಾಟ್ಲೆಂಡಿನ ಪರ್ವತಾರೋಹಿ ಹೇಳಿದ ಸೂತ್ರ ಇಂದಿಗೂ ಉಪಯೋಗಕ್ಕೆ ಬರುತ್ತದೆ. ಐದು ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಹನ್ನೆರಡು ಕಿಲೋಮೀಟರ್ ದಾರಿ, 900 ಮೀಟರ್ ಏರು ಎಂದರೆ ಹತ್ತಿರಹತ್ತಿರ ನಾಲ್ಕು ಗಂಟೆ. ಅದು ಚಳಿದೇಶದ ಗಟ್ಟಿ ಕಾಲಿನವರ ಲೆಕ್ಕ. ನಮ್ಮ ಬೆವರು, ಹೊಸ ಬ್ಯಾಗ್, ಫೋಟೊ ತೆಗೆಯುವ ಚಟ ಎಲ್ಲ ಸೇರಿಸಿ ಒಂದೂವರೆ ಪಟ್ಟು ಮಾಡಿ, ಆರು ಗಂಟೆ. ಎಲ್ಲರಿಗಿಂತ ನಿಧಾನ ನಡೆಯುವವರು ಮುಂದೆ ಇರಲಿ. ಮಾತಾಡುತ್ತಾ ನಡೆಯಲು ಆಗುತ್ತಿಲ್ಲ ಎಂದರೆ ವೇಗ ಜಾಸ್ತಿಯಾಯಿತು ಎಂದರ್ಥ.

ಜಿಗಣೆಗೆ ಇಷ್ಟು ಹೆದರುವುದು ಯಾಕೋ ನನಗೆ ಗೊತ್ತಿಲ್ಲ. ಮಳೆ ಕಳೆದು ಜನವರಿಗೆ ಬಂದರೆ ಅವು ಕಡಿಮೆ. ಹತ್ತಿದರೆ ಉಗುರಿನಿಂದ ಬಾಯಿಯ ಬದಿಯನ್ನು ಜಾರಿಸಿ ಬಿಡಿಸಿ, ಬೆಂಕಿ ತಾಗಿಸಬೇಡಿ. ಅದರ ಎಂಜಲು ರಕ್ತ ಹೆಪ್ಪುಗಟ್ಟದಂತೆ ತಡೆಯುವುದರಿಂದ ಸ್ವಲ್ಪ ಹೊತ್ತು ಸೋರುತ್ತದೆ, ಅಷ್ಟೇ. ನಿಜವಾಗಿ ಎಚ್ಚರ ಬೇಕಾದದ್ದು ಒಣಗಾಲದ ಉಣ್ಣಿಗೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯಲ್ಲಿ ಮೊದಲು ಗೊತ್ತಾದ ಮಂಗನ ಕಾಯಿಲೆಯನ್ನು ಹರಡುವುದು ಅದೇ. ಡಿಸೆಂಬರಿನಿಂದ ಮೇ ತಿಂಗಳವರೆಗೆ ಅದರ ಕಾಲ. ಪ್ಯಾಂಟನ್ನು ಸಾಕ್ಸಿನೊಳಗೆ ಸೇರಿಸಿ, ತರಗೆಲೆಯ ಮೇಲೆ ಕೂರಬೇಡಿ, ಸಂಜೆ ಮೈ ಪೂರ್ತಿ ನೋಡಿಕೊಳ್ಳಿ. ಬಂದ ಎರಡು ವಾರದೊಳಗೆ ಜ್ವರ ಬಂದರೆ ಕಾಡಿಗೆ ಹೋಗಿದ್ದೆ ಎಂದು ವೈದ್ಯರಿಗೆ ಹೇಳಿ. ಹಾವು ಕಚ್ಚಿದರೆ ಕೊಯ್ಯುವುದು, ಹಗ್ಗ ಬಿಗಿಯುವುದು ಬೇಡ. ಕಾಲು ಅಲುಗದಂತೆ ಮಾಡಿ, ಹೊತ್ತು ಆಸ್ಪತ್ರೆಗೆ ತಲುಪಿಸಿ.

2022ರ ಫೆಬ್ರವರಿಯಲ್ಲಿ ಪಾಲಕ್ಕಾಡಿನ ಮಲಂಪುಳದ ಹತ್ತಿರ ಬಂಡೆಯ ಪೊಟರೆಯಲ್ಲಿ ಒಬ್ಬ ಯುವಕ ಸುಮಾರು 45 ಗಂಟೆ ಸಿಕ್ಕಿಬಿದ್ದದ್ದನ್ನು ಟಿವಿಯಲ್ಲಿ ನೋಡಿರುತ್ತೀರಿ. ಸೇನೆಯವರು ಬಂದು ಮೇಲೆತ್ತಿದರು. ಅಲ್ಲಿ ತನಕ ಒಂದು ಗುಟುಕು ನೀರು ತಲುಪಿಸಲೂ ಆಗಿರಲಿಲ್ಲ. ದಾರಿ ಬಿಟ್ಟು ಬಂಡೆಗೆ ಇಳಿಯುವ ಚಪಲ ನಿಮ್ಮಲ್ಲಿ ಯಾರಿಗಿದ್ದರೂ ಈಗಲೇ ಮಾತಾಡಿ ಮುಗಿಸಿ. ಯಾವ ದಾರಿ, ಯಾವ ರಾತ್ರಿ ಎಲ್ಲಿ, ಯಾವ ಹೊತ್ತಿಗೆ ಫೋನ್ ಬರದಿದ್ದರೆ 112ಕ್ಕೆ ಹೇಳಬೇಕು ಎಂದು ಬರೆದು ಮನೆಯಲ್ಲಿ ಕೊಟ್ಟು ಹೊರಡಿ.

ಇನ್ನು ಹಿಮಾಲಯದ ಗೆಳೆಯ. ಆಸೆ ತಪ್ಪಲ್ಲ. ಆದರೆ ಅಲ್ಲಿ ಕಾಲು, ಬ್ಯಾಗ್, ಚಳಿಯ ಜೊತೆಗೆ ಎತ್ತರ ಎಂಬ ಹೊಸ ಲೆಕ್ಕ ಸೇರುತ್ತದೆ. ಹೊಸಬರು ಜಾಸ್ತಿ ಹೋಗುವ ಉತ್ತರಾಖಂಡದ ಕೇದಾರಕಂಠ ಸುಮಾರು 3,800 ಮೀಟರ್. ಅಲ್ಲಿ ಉಸಿರಿಗೆ ಸಿಗುವ ಆಮ್ಲಜನಕ ಕುಂಬಳೆಯ ಕಡಲತೀರದಲ್ಲಿ ಸಿಗುವುದರ ಮೂರನೇ ಎರಡಕ್ಕಿಂತಲೂ ಸ್ವಲ್ಪ ಕಡಿಮೆ. 2,500 ಮೀಟರ್ ದಾಟಿದ ಮೇಲೆ ಯಾರಿಗೂ ಎತ್ತರದ ಕಾಯಿಲೆ ಬರಬಹುದು. ಗಟ್ಟಿಮುಟ್ಟಾಗಿದ್ದೇನೆ ಎಂಬುದು ಅದಕ್ಕೆ ರಕ್ಷೆಯಲ್ಲ. ತಲೆನೋವು, ಹೊಟ್ಟೆ ತೊಳಸುವುದು, ಊಟ ಸೇರದಿರುವುದು ಶುರುವಾದರೆ ಅಲ್ಲೇ ನಿಲ್ಲಬೇಕು, ಮೇಲೆ ಹೋಗಬಾರದು. ನಡಿಗೆ ತೂರಾಡಿದರೆ, ಮಾತು ತಪ್ಪಿದರೆ, ಕೂತಾಗಲೂ ಏದುಸಿರು ಬಂದರೆ ರಾತ್ರಿಯಾದರೂ ಕೆಳಗೆ ಇಳಿಸಲೇಬೇಕು. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರ ದಿನಕ್ಕೆ 500 ಮೀಟರಿಗಿಂತ ಜಾಸ್ತಿ ಏರಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಒಂದು ದಿನ ವಿಶ್ರಾಂತಿ ಬೇಕು. ಅಗಸ್ತ್ಯಕೂಡಂ ಮುಗಿಸಿದ ಮುಂದಿನ ವರ್ಷ ಹೋಗಿ, ಅನುಭವಿ ತಂಡದ ಜೊತೆಗೇ ಹೋಗಿ. ಪ್ಯಾಕೇಜ್ ನೋಡುವಾಗ ಬೆಲೆ ಕೇಳುವ ಮೊದಲು ಯಾವ ರಾತ್ರಿ ಎಷ್ಟು ಮೀಟರ್ ಎತ್ತರದಲ್ಲಿ ಮಲಗಿಸುತ್ತೀರಿ ಎಂದು ಕೇಳಿ. ಆ ಪಟ್ಟಿ ಕೊಡಲು ತಡವರಿಸುವವರಿಗೆ ಮುಂಗಡ ಕೊಡಬೇಡಿ.